ಪದಪರಿಚಯ: ಕಟ್ಟೆ

ಮುಂಬಯಿಯ ಶಿವಾಜಿ ಪಾರ್ಕಿನ ಸುತ್ತ ಒಂದು ಗಿಡ್ಡ ಗೋಡೆಯುಂಟು. ಸಂಜೆಯಾದರೆ ಅದರ ಮೇಲೆ ಹರಟೆಗಾರರ ಸಾಲು. ಮರಾಠಿಗರು ಅದಕ್ಕೆ 'ಕಟ್ಟಾ' ಎನ್ನುತ್ತಾರೆ. ಇಲ್ಲಿ ಬೆಳೆದ ನಮ್ಮ ಮಕ್ಕಳೂ ಹಾಗೆಯೇ ಎನ್ನುತ್ತಾರೆ. ಅದು ನಮ್ಮ 'ಕಟ್ಟೆ'ಯೇ ಎಂದು ಅವರಿಗೆ ನಾವು ಹೇಳಬೇಡವೆ?

'ಕಟ್ಟು' ಎಂಬ ಧಾತುವಿನಿಂದ ಹುಟ್ಟಿದ ಪದವಿದು. ಕಲ್ಲು ಮಣ್ಣು ಕೂಡಿಸಿ ಎತ್ತರಿಸಿ ಕಟ್ಟಿದ್ದು ಕಟ್ಟೆ. ಮರದ ಬುಡದಲ್ಲಿ ಕೂರಲು ಕಟ್ಟಿದರೆ ಅರಳಿಕಟ್ಟೆ. ಅಂಗಳದಲ್ಲಿ ಪೂಜೆಗೆ ಕಟ್ಟಿದರೆ ತುಳಸಿಕಟ್ಟೆ. ಹೊಳೆಗೆ ಅಡ್ಡಲಾಗಿ ಕಟ್ಟಿದರೆ ಅಣೆಕಟ್ಟೆ. 1911ರಲ್ಲಿ ಕೆಲಸ ಮೊದಲಾದ ಕೃಷ್ಣರಾಜಸಾಗರಕ್ಕೆ ಮಂಡ್ಯದ ಕಡೆಯವರು ಇಂದಿಗೂ ಕನ್ನಂಬಾಡಿ ಕಟ್ಟೆ ಎನ್ನುವುದುಂಟು. ತೆಲುಗರಿಗೂ ಕೆರೆಯ ಏರಿ 'ಕಟ್ಟ'ವೇ.

ಜಗಲಿ ಮನೆಯವರದು, ಕಟ್ಟೆ ಊರಿನದು. ನ್ಯಾಯ ಪಂಚಾಯಿತಿ, ಹೆಣ್ಣು-ಗಂಡಿನ ಸಂಬಂಧದ ಮಾತು, ಮಳೆಬೆಳೆಯ ಚಿಂತೆ ಎಲ್ಲವೂ ಅಲ್ಲಿ ನಡೆಯುತ್ತಿದ್ದವು. ಮೂರನೆಯ ಮಾಳಿಗೆಯ ಬಾಡಿಗೆ ಮನೆಯಲ್ಲಿ ಹುಟ್ಟಿದ ಮಗುವಿಗೆ ಇದೊಂದೂ ಕಾಣಸಿಗದು.

ಆದ್ದರಿಂದ ಮಕ್ಕಳು 'ಕಟ್ಟಾ' ಎಂದಾಗ ನಾವು ಗದರಿ ತಿದ್ದುವುದು ಬೇಡ. ಪಕ್ಕದಲ್ಲಿ ಕೂರಿಸಿಕೊಂಡು ನಮ್ಮೂರ ಅರಳಿಕಟ್ಟೆಯ ಸುದ್ದಿ ಹೇಳೋಣ. ಪದದ ಜೊತೆಗೆ ಊರೂ ಅವರಿಗೆ ಅಷ್ಟಿಷ್ಟು ದಕ್ಕೀತು.