ಮೇಕಪ್ ಬೇಡದ ಮುಖಗಳು

ಸಿನಿಮಾ ಸೆಟ್ಟಿನಲ್ಲಿ ಒಂದು ವಿಚಿತ್ರ ಕಸುಬುಂಟು, ಗೆಳೆಯರೇ. ಹೊಸ ಬಾಗಿಲನ್ನು ಹಳೇದು ಮಾಡೋದು! ಬಡಗಿ ಬೆಳಿಗ್ಗೆ ಮಾಡಿಟ್ಟ ಪ್ಲೈವುಡ್ ಬಾಗಿಲಿಗೆ ಕಲಾ ವಿಭಾಗದವರು ಬಣ್ಣ ಬಳೀತಾರೆ, ಉಪ್ಪುಕಾಗದ ಹಾಕಿ ತಿಕ್ತಾರೆ, ಮಸಿ ಒರೆಸ್ತಾರೆ. ಸಂಜೆ ಹೊತ್ತಿಗೆ ಅದಕ್ಕೆ ನೂರು ವರ್ಷ! ಈ ಖರ್ಚೆಲ್ಲ ಯಾಕೆ? ಹಳೇ ಬಾಗಿಲು ಕಂಡರೆ ಆ ಮನೆಯ ಕಥೆ ನಂಬುತ್ತೇವೆ, ಅದಕ್ಕೆ.

ಅಂಥ ಮುಖಗಳನ್ನು ಪುಕ್ಕಟೆ ನೋಡಬೇಕೇ? ಬಸವನ ಬಾಗೇವಾಡಿಯಿಂದ ಇಂಗಳೇಶ್ವರಕ್ಕೆ ಹೊರಡಿ. ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರೂರು. 1959ರ ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಹೊನ್ನಪ್ಪ ಭಾಗವತರ ಬಸವಣ್ಣನನ್ನೂ ರಾಜ್ ಅವರ ಬಿಜ್ಜಳನನ್ನೂ ನೋಡಿದವರಿಗೆ ಈ ಸೀಮೆ ಹೊಸದಲ್ಲ. ಕಲ್ಲಿನಲ್ಲಿ ವಚನ ಕೊರೆಸಿದ ಶಿಲಾಮಂಟಪ ಇಲ್ಲಿದೆ. ಬಂದವರು ಅದರ ಮುಂದೆ ನಿಂತು ಸೆಲ್ಫಿ ತೆಗೀತಾರೆ, ಬಸ್ಸು ಹತ್ತತಾರೆ. ನೀವು ಮಾತ್ರ ಓಣಿಗಳಲ್ಲೂ ಒಂದು ಸುತ್ತು ಹಾಕಿ.

ಈ ಸೀಮೆಯ ಓಣಿಗಳಲ್ಲಿ ಕಣ್ಣಿದ್ದವನಿಗೆ ಏನುಂಟು ಏನಿಲ್ಲ! ಮೈಯೆಲ್ಲ ಬೂದಿ ಬಣ್ಣಕ್ಕೆ ತಿರುಗಿ, ಚಿಲಕದ ಸುತ್ತ ಮಾತ್ರ ಕೈ ತಾಗಿ ತಾಗಿ ಮಿರುಗುವ ಬಾಗಿಲು. ಹಗ್ಗಕ್ಕೆ ಸೋತು ಗೆರೆ ಬಿದ್ದ ಬಾವಿಗಲ್ಲು. ಗೋಡೆಗೊರಗಿದ ಚಕ್ಕಡಿ ಗಾಲಿ. ಹಿಡಿ ನುಣುಪಾದ ಕೂರಿಗೆ. ಆ ನುಣುಪು ಯಾವ ಬಣ್ಣದ ಡಬ್ಬಿಯಲ್ಲೂ ಸಿಗೋದಿಲ್ಲ. ಅಪ್ಪ, ಅಜ್ಜ ಹಿಡಿದದ್ದು ಅದು.

ಹಿಂದೆ ಇವುಗಳ ಫೋಟೋ ಯಾರೂ ತೆಗೀಲಿಲ್ಲ. ಅಗ್ಫಾ ಕ್ಲಿಕ್ ತ್ರೀ ಕ್ಯಾಮೆರಾದಲ್ಲಿ ಒಂದು ರೋಲಿಗೆ 12 ಫೋಟೋ. ಅದರಲ್ಲಿ ಗಾಲಿಗೊಂದು, ಬಾಗಿಲಿಗೊಂದು ಕೊಡುವ ಧಾರಾಳಿ ಯಾರು? ಈಗ ಜೇಬಿನ ಫೋನಿಗೆ ರೋಲಿನ ಹಂಗೇ ಇಲ್ಲ. ಆದರೂ ನಮ್ಮ ಕಣ್ಣು ಮಾತ್ರ ನಮ್ಮ ಮುಖದ ಮೇಲೆಯೇ!

ಹೇಗೆ ತೆಗೆಯೋದು ಅಂತೀರಾ? ಮೈಸೂರಿನ ವಿ.ಕೆ. ಮೂರ್ತಿಯವರನ್ನು ನೆನೆಯಿರಿ. ಗುರುದತ್ತರ ‘ಕಾಗಜ್ ಕೆ ಫೂಲ್’ (1959) ಚಿತ್ರಕ್ಕೆ ಕನ್ನಡಿ ಇಟ್ಟು ಹೊರಗಿನ ಬಿಸಿಲನ್ನೇ ಸ್ಟುಡಿಯೋದೊಳಗೆ ಕೋಲಿನಂತೆ ಇಳಿಸಿದ ಪುಣ್ಯಾತ್ಮ. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. ಬೆಳಕು ಎಲ್ಲಿಂದ ಬೀಳುತ್ತದೆ ಅನ್ನೋದೇ ಅರ್ಧ ಚಿತ್ರ. ನಡು ಮಧ್ಯಾಹ್ನ ಬೇಡ. ಬೆಳಗಿನ ಇಲ್ಲವೆ ಸಂಜೆಯ ಓರೆ ಬಿಸಿಲು ಬರಲಿ. ಆಗ ಒಂದೊಂದು ಗೆರೆಗೂ ನೆರಳು ಹುಟ್ಟುತ್ತದೆ. ಸವೆದ ಶಾಸನದ ಅಕ್ಷರ ಕೂಡ ಎದ್ದು ಕಾಣೋದು ಹೀಗೇ. ಫ್ಲ್ಯಾಶ್ ಹೊಡೆದಿರೋ, ಎಲ್ಲ ಚಪ್ಪಟೆ! ಲಾಂಗ್ ಶಾಟ್ ಒಂದು, ಮಿಡ್ ಶಾಟ್ ಒಂದು, ಕೈ ತಾಗಿ ಸವೆದ ಜಾಗದ ಕ್ಲೋಸಪ್ ಒಂದು. ಮೂರು ಸಾಕು. ಮನೆಯವರನ್ನು ಕೇಳಿಯೇ ತೆಗೆಯಿರಿ. “ಈ ಮುರುಕ ಗಾಲಿ ಫೋಟೋ ಯಾಕೋ ತಮ್ಮಾ?” ಅಂತ ಅಜ್ಜ ನಗಬಹುದು. ನಗಲಿ. “ಯಾರು ಮಾಡಿದ್ದು ಅಜ್ಜಾ?” ಅಂತ ಕೇಳಿ, ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.

ತಡ ಮಾಡಬೇಡಿ. ಹಳೇ ಬಾಗಿಲು ಕೊಳ್ಳುವವರು ಊರೂರು ತಿರುಗುತ್ತಾರೆ. ಅತ್ತ ಚೌಕಟ್ಟು ಲಾರಿ ಹತ್ತಿತು, ಇತ್ತ ಕಬ್ಬಿಣದ ಬಾಗಿಲು ನಿಂತಿತು! ಇದೇ ಸೀಮೆಯಲ್ಲಿ ಆಲಮಟ್ಟಿ ಹಿನ್ನೀರಿಗೆ ಎಷ್ಟೋ ಹಳ್ಳಿ, ಹಳೇ ಬಾಗಲಕೋಟೆಯ ಎಷ್ಟೋ ಓಣಿ ಹೋದವು. ಹಾಗೆ ಮನೆ ಬಿಟ್ಟು ಎದ್ದವರಲ್ಲಿ ಆ ಮನೆಯ ಬಾಗಿಲು ಉಳಿದಿದ್ದರೆ, ಯಾವುದೋ ಮದುವೆ ಫೋಟೋದಲ್ಲಿ, ಮದುಮಕ್ಕಳ ಬೆನ್ನ ಹಿಂದೆ, ಅರ್ಧ!

ಈ ಭಾನುವಾರ ಮ್ಯಾಟಿನಿಗೆ ಮುಂಚೆ ನಿಮ್ಮ ಮನೆ ಹಿತ್ತಲಿಂದಲೇ ಶುರು ಮಾಡಿ. ಅಜ್ಜಿಯ ಬೀಸುವ ಕಲ್ಲು ಇನ್ನೂ ಅಲ್ಲೇ ಇದೆಯಾ, ನೋಡಿ!