ಬೋಣಿ ಸಮಯ ಮತ್ತು 'ಬೇಡ' ಗುಂಡಿ

ಹೈದರಾಬಾದಿಗೆ ಬಂದು ನೆಲೆಸಿದ ನಮ್ಮ ಕನ್ನಡ ಮಿತ್ರರಲ್ಲಿ ಒಂದು ಮಾತು ಚಾಲ್ತಿಯಲ್ಲಿದೆ: ಬೇಗಂ ಬಜಾರಿಗೆ ಹೋದರೆ ಮಾತಿನಲ್ಲೇ ತಲೆ ಬೋಳಿಸಿ ಕಳಿಸುತ್ತಾರೆ. ಇದನ್ನು ಹೇಳುವವರಲ್ಲಿ ಹೆಚ್ಚಿನವರು ಗಚ್ಚಿಬೌಲಿ, ಮಾದಾಪುರದ ಗಾಜಿನ ಕಟ್ಟಡಗಳಲ್ಲಿ ಕೂತು, ಜನರಿಂದ ಗುಂಡಿ ಒತ್ತಿಸುವುದು ಹೇಗೆಂದು ಯೋಚಿಸುವುದಕ್ಕೇ ಸಂಬಳ ಪಡೆಯುವವರು. ನನ್ನ ಅನ್ನವೂ ಅಲ್ಲಿಯದೇ. ಆದರೆ ಅದಕ್ಕೆ ಮೊದಲು ಎರಡು ವರ್ಷ ಕನ್ನಡ ಎಂ.ಎ. ತರಗತಿಯಲ್ಲಿ ಅಲಂಕಾರಶಾಸ್ತ್ರ ಓದಿದ್ದೇನೆ. ಆ ಓದಿನ ಬಲದ ಮೇಲೆ ಹೇಳುತ್ತೇನೆ, ಬಜಾರಿನವರ ಮಾತು ನಮ್ಮ ಮಾತಿಗಿಂತ ಎಷ್ಟೋ ಮರ್ಯಾದೆಯದು.

ಪಾತ್ರೆ ಅಂಗಡಿಗಳ ಸಾಲನ್ನೇ ನೋಡಿ. 1956ರವರೆಗೆ ಹೈದರಾಬಾದೇ ರಾಜಧಾನಿಯಾಗಿದ್ದ ಬೀದರ, ಕಲಬುರಗಿ, ರಾಯಚೂರಿನ ಕಡೆಯ ಮನೆಗಳಿಂದ ಮದುವೆ ಪಾತ್ರೆಗೆಂದು ಇಲ್ಲಿಗೆ ಬರುವವರು ಈಗಲೂ ಇದ್ದಾರೆ. ನಮ್ಮವ್ವನೂ ಅವರಲ್ಲಿ ಒಬ್ಬಳು. ಅಂಗಡಿಯವರು "ಬೋನಿ ಕಾ ಟೈಮ್ ಹೈ ಅಮ್ಮಾ" ಅನ್ನುತ್ತಾರೆ. ಅಷ್ಟೇ ಹೇಳುತ್ತಾರೆ. ಮೊದಲ ಗಿರಾಕಿ ಬರಿಗೈಯಲ್ಲಿ ಹೋಗಬಾರದು, ಹೋದರೆ ಅಪಶಕುನ, ಆ ಪಾಪ ನಿಮಗೇಕೆ ಎಂಬುದನ್ನೆಲ್ಲ ನಾವೇ ತುಂಬಿಕೊಳ್ಳಬೇಕು. ಹೀಗೆ ವಾದದ ಒಂದು ಮೆಟ್ಟಿಲನ್ನು ಕೇಳುವವರಿಗೇ ಬಿಟ್ಟುಕೊಡುವುದನ್ನು ಅರಿಸ್ಟಾಟಲ್ ವಿವರವಾಗಿ ಚರ್ಚಿಸಿದ್ದಾನೆ, ಅದಕ್ಕೆ ಎಂಥಿಮೀಮ್ ಎಂಬ ಹೆಸರಿದೆ. ಅವ್ವನಿಗೆ ಹೆಸರು ಗೊತ್ತಿಲ್ಲ, ಬಿಟ್ಟ ಮೆಟ್ಟಿಲು ಕಾಣುತ್ತದೆ. "ದೋ ಬಜ್ ಗಯೇ, ಕಾಯ್ಕಿ ಬೋನಿ?" ಅಂಗಡಿಯವರು ನಗುತ್ತಾರೆ. ಮುಂದಿನ ಬಾಣ, "ಖರೀದಿ ರೇಟಿಗೇ ಕೊಡ್ತಿದ್ದೀನಿ". ಹಂಗಾದ್ರ ಅಂಗಡಿ ಯಾಕ ತೆರದೀರಿ ಎಂದು ಇವಳು. ನಡುವೆ ತಕ್ಕಡಿಯಿದೆ, ಹಿತ್ತಾಳೆ ಹಂಡೆಯ ತೂಕ ಇಬ್ಬರಿಗೂ ಕಾಣುತ್ತದೆ. ಒಪ್ಪದಿದ್ದರೆ ಎದ್ದು ಎರಡಂಗಡಿ ಆಚೆಗೆ ಹೋಗಬಹುದು. ಹಿಂದಿನಿಂದ ಕರೆಯುತ್ತಾರೆ, ಅದೂ ಆಟದ ಭಾಗವೇ.

ಬಜಾರು ಸತ್ಯಹರಿಶ್ಚಂದ್ರನ ಸಂತೆ ಅಂತ ನಾನು ಹೇಳುತ್ತಿಲ್ಲ. ದಖನಿ ಬಾರದ, ನಿನ್ನೆ ತಾನೆ ಮಂಗಳೂರಿನಿಂದ ಬಂದಿಳಿದ ಹುಡುಗನ ಎದುರು ಈ ಆಟ ಸಮಬಲದ್ದಲ್ಲ. ಆದರೂ ಅವನು ಬಾಯಿ ತೆರೆಯಬಹುದು. ಇನ್ನೊಬ್ಬರನ್ನು ಕರೆದುಕೊಂಡು ಬರಬಹುದು.

ಈಗ ನಮ್ಮ ಕೈಕೆಲಸಕ್ಕೆ ಬನ್ನಿ. ಪರದೆಯ ಮೇಲೆ ಗಡಿಯಾರ ಇಳಿಯುತ್ತಿದೆ, "ಇನ್ನು ಎರಡೇ ಉಳಿದಿವೆ". ಇದು ಬೋಣಿ ಮಾತಿನ ತಮ್ಮನೇ. ಆದರೆ ಎರಡು ಗಂಟೆಯಾಯಿತಲ್ಲ ಎಂದು ಯಾರನ್ನು ಕೇಳುವುದು? ಕೆಳಗೆ ಎರಡು ಗುಂಡಿ. ಒಂದು ದೊಡ್ಡದು, ಹಸಿರು. ಇನ್ನೊಂದು ಮಾಸಲು ಅಕ್ಷರದ್ದು: "ಬೇಡ, ನನಗೆ ಹಣ ಉಳಿಸುವ ಇಚ್ಛೆಯಿಲ್ಲ". ಬೇಡ ಎನ್ನುವ ಹಕ್ಕು ಬಳಸಬೇಕಾದರೆ ನೀವು ದಡ್ಡರೆಂದು ಮೊದಲು ಒಪ್ಪಿಕೊಳ್ಳಬೇಕು! ಇಷ್ಟು ಒರಟಾಗಿ ಬಜಾರಿನಲ್ಲಿ ಯಾರೂ ನಮ್ಮವ್ವನ ಜೊತೆ ಮಾತಾಡಿಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ತಂತ್ರಗಳ ಪಟ್ಟಿಯಿದೆ. ಸುಳ್ಳು ಅವಸರವೂ, ಬೇಡ ಎಂದವರನ್ನು ನಾಚಿಸುವುದೂ ಅದರಲ್ಲಿವೆ. ಇದನ್ನು ಮೀಟಿಂಗಿನಲ್ಲಿ ಎತ್ತಿದರೆ ಉತ್ತರ ಸಿದ್ಧವಿರುತ್ತದೆ: ಎರಡು ಬಗೆಯನ್ನೂ ಪರೀಕ್ಷಿಸಿದ್ದೇವೆ, ಇದನ್ನೇ ಹೆಚ್ಚು ಜನ ಒತ್ತಿದರು. ಒತ್ತಿದ್ದನ್ನೇ ಒಪ್ಪಿದ್ದು ಎಂದುಕೊಂಡ ಜಾಣರಿಗೆ ಏನು ಹೇಳೋಣ?

ಮಮ್ಮಟನ 'ಕಾವ್ಯಪ್ರಕಾಶ' ಓದಿದವರಿಗೆ ನೆನಪಿರುತ್ತದೆ, ಒಪ್ಪಿಸುವ ದಾರಿ ಮೂರು ಬಗೆ. ಪ್ರಭುವಿನಂತೆ ಆಜ್ಞೆ ಮಾಡುವುದು, ಮಿತ್ರನಂತೆ ಹಿತ ಹೇಳುವುದು, ಕಾಂತೆಯಂತೆ ಮನಸ್ಸನ್ನು ಒಲಿಸಿಕೊಳ್ಳುವುದು. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಈ ವಿಂಗಡಣೆ ನನಗೆ ಕೆಲಸಕ್ಕೆ ಬಂದಿದ್ದು ಆಫೀಸಿನಲ್ಲಿ. ಆ ಪರದೆಯ ದನಿ ಮಿತ್ರನದು ("ನಿಮಗಾಗಿಯೇ ಆರಿಸಿದ್ದೇವೆ"), ಕೈ ಮಾತ್ರ ಪ್ರಭುವಿನದು. ಪಾತ್ರೆ ಅಂಗಡಿಯವರು ಮಿತ್ರನ ವೇಷ ಹಾಕುತ್ತಾರೆ, ಆದರೆ ಅದು ವೇಷ ಎಂದು ಇಬ್ಬರಿಗೂ ಗೊತ್ತು.

ನಮ್ಮವರು ವಾರಾಂತ್ಯದಲ್ಲಿ ದುಡ್ಡು ಕೊಟ್ಟು 'ಕಮ್ಯುನಿಕೇಶನ್ ಸ್ಕಿಲ್ಸ್' ಕಲಿಯುತ್ತಾರೆ. ಎದುರಿನವರನ್ನು ಬಗ್ಗಿಸುವುದು ಹೇಗೆ, ಅಷ್ಟೇ ಅಲ್ಲಿನ ಪಾಠ. ಆದರೆ ಪ್ರತಿ ಸಂದರ್ಭದಲ್ಲೂ ಒಪ್ಪಿಸುವ ಸಾಧನಗಳು ಯಾವುವೆಂದು ಕಾಣಬಲ್ಲ ಶಕ್ತಿಯನ್ನೇ ಅರಿಸ್ಟಾಟಲ್ ಈ ವಿದ್ಯೆ ಎಂದದ್ದು. ಕಾಣುವುದು ಮೊದಲು. ಅವನಿಗಿಂತ ಹತ್ತಿರದ ಸಾಕ್ಷಿ ಬೇಕೇ? ಸಿಕಂದರಾಬಾದಿನಿಂದ ವಾಡಿಗೆ ಹೋಗುವ ರೈಲು ಸೇಡಂ ದಾಟಿದ ಮೇಲೆ ಮಳಖೇಡದ ಮಗ್ಗುಲಲ್ಲೇ ಸಾಗುತ್ತದೆ. ರಾಷ್ಟ್ರಕೂಟರ ಮಾನ್ಯಖೇಟ ಅದು, ಒಂಬತ್ತನೆಯ ಶತಮಾನದಲ್ಲಿ 'ಕವಿರಾಜಮಾರ್ಗ' ಹುಟ್ಟಿದ ಆಸ್ಥಾನ. ಕನ್ನಡಿಗರನ್ನು ಹೊಗಳುವಾಗ ಶ್ರೀವಿಜಯ ಎರಡು ಗುಣ ಹೇಳುತ್ತಾನೆ: ಹದವರಿತು ಆಡುವುದು, ಆಡಿದ್ದನ್ನು ಅರಿತು ತೂಗಿನೋಡುವುದು. ರಾಜ್ಯೋತ್ಸವದ ವೇದಿಕೆಯಲ್ಲಿ ನಾವು ಮೊದಲನೆಯದಕ್ಕೆ ಚಪ್ಪಾಳೆ ತಟ್ಟಿ, ಎರಡನೆಯದನ್ನು ಊಟದ ಹೊತ್ತಾಯಿತೆಂದು ಬಿಟ್ಟುಬಿಡುತ್ತೇವೆ.

ಈ ನಗರದ ಕನ್ನಡ ಗೆಳೆಯರ ಓದುಕೂಟಗಳಿಗೆ ನನ್ನದೊಂದು ಕೋರಿಕೆ. ಮುಂದಿನ ಭಾನುವಾರ ಕವಿತೆಯ ಬದಲು ನಿಮ್ಮ ಕಂಪನಿಯ ಒಂದು ಪರದೆ ತನ್ನಿ, ಜೋರಾಗಿ ಓದಿ. ಬಿಟ್ಟ ಮೆಟ್ಟಿಲು ಯಾವುದು, ದನಿ ಯಾರದು, ಎದುರಾಡಲು ಜಾಗ ಎಲ್ಲಿದೆ ಎಂದು ಕೇಳಿಕೊಳ್ಳಿ. ಊರಿನಿಂದ ಅವ್ವ ಬಂದಿದ್ದರೆ ಅವರನ್ನೂ ಕರೆತನ್ನಿ, ಆ ಮಾಸಲು ಗುಂಡಿಯ ಮೇಲಿನ ಸಾಲನ್ನು ಅವರ ಮುಂದೆ ಓದಿ ತೋರಿಸಿ.