ಸತ್ತ ಮಂಗ ಯಾವ ಇಲಾಖೆಯದು?

ಮಹಾರಾಷ್ಟ್ರದ ನವಾಪುರದಲ್ಲಿ 2006ರಲ್ಲಿ ಕೋಳಿಗಳು ಸಾಮೂಹಿಕವಾಗಿ ಸತ್ತಾಗ ದೇಶಕ್ಕೆ ಹಕ್ಕಿಜ್ವರದ ಮೊದಲ ಪರಿಚಯವಾಯಿತು. ಅಂದಿನಿಂದ ಸರ್ಕಾರಿ ಯಂತ್ರ ಹೇಗೆ ಚಲಿಸಬೇಕೆಂಬುದು ನಿಗದಿಯಾಗಿದೆ. ಮಾದರಿಗಳು ಭೋಪಾಲದ ಉನ್ನತ ಭದ್ರತೆಯ ಪ್ರಯೋಗಾಲಯಕ್ಕೆ ಹೋಗುತ್ತವೆ. ರೋಗ ದೃಢಪಟ್ಟರೆ ಒಂದು ಕಿಲೋಮೀಟರ್ ವ್ಯಾಪ್ತಿಯ ಕೋಳಿಗಳ ನಾಶ, ಹತ್ತು ಕಿಲೋಮೀಟರ್‌ವರೆಗೆ ನಿಗಾ. ಕೊಂದ ಕೋಳಿಗಳಿಗೆ ಕೊಡುವ ಪರಿಹಾರವನ್ನು ಕೇಂದ್ರ ಮತ್ತು ರಾಜ್ಯಗಳು ಸಮನಾಗಿ ಭರಿಸುತ್ತವೆ. ತಾನಾಗಿ ಸತ್ತ ಕೋಳಿಗೆ ಪರಿಹಾರವಿಲ್ಲ. ಇದು ನಿಷ್ಠುರವೆನಿಸಿದರೂ ಅದರ ಹಿಂದೆ ತರ್ಕವಿದೆ: ಬೇಗ ತಿಳಿಸಿದ ರೈತನಿಗೆ ಹೆಚ್ಚು ಹಣ ಸಿಗುತ್ತದೆ. ಆದರೆ ಆ ಹಣ ತಿಂಗಳುಗಟ್ಟಲೆ ತಡವಾದರೆ ರೋಗವನ್ನು ಮುಚ್ಚಿಟ್ಟು ಕೋಳಿ ಮಾರುವುದೇ ಅವನಿಗೆ ಲಾಭವಾಗಿ ಕಾಣುತ್ತದೆ. ವೈರಾಣುವಿನ ಹರಡುವಿಕೆಯಲ್ಲಿ ಖಜಾನೆಯ ಪಾತ್ರವನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಹೀಗೆ ಕೋಳಿಗೆ ಬೆಲೆಯಿದೆ, ಆದ್ದರಿಂದ ನಿಯಮವೂ ಇದೆ. ಕಾಡಿನ ಮಂಗಕ್ಕೆ?

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತವು, ಬೆನ್ನಲ್ಲೇ ಜನರೂ ಸತ್ತರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಹೊಸ ವೈರಾಣುವನ್ನೂ ಅದನ್ನು ಹರಡುವ ಉಣುಗನ್ನೂ ಗುರುತಿಸಿದರು. ಸೋಂಕಿನಿಂದ ಮಂಗ ಸತ್ತೊಡನೆ ಅದರ ಮೈಮೇಲಿನ ಉಣುಗುಗಳು ನೆಲಕ್ಕಿಳಿಯುತ್ತವೆ. ದರಗು ಗುಡಿಸಲು, ಸೌದೆ ತರಲು ಹೋದವರಿಗೆ ಆ ಜಾಗವೇ ಅಪಾಯದ ತಾಣ. ಸತ್ತ ಮಂಗದ ಸುತ್ತ ಐವತ್ತು ಅಡಿ ಕೀಟನಾಶಕ ಎರಚಬೇಕೆಂಬ ಪದ್ಧತಿ ಬಂದದ್ದು ಇದರಿಂದಲೇ. ಮಂಗದ ಶವವೆಂದರೆ ಮುನ್ನೆಚ್ಚರಿಕೆಯ ಗಂಟೆ.

ಆ ಗಂಟೆಯನ್ನು ಕೇಳಿಸಿಕೊಳ್ಳಬೇಕಾದವರು ಯಾರು? ಶವ ಅರಣ್ಯ ಇಲಾಖೆಯದು, ಮರಣೋತ್ತರ ಪರೀಕ್ಷೆ ಪಶುವೈದ್ಯರದು, ಜ್ವರ ಆರೋಗ್ಯ ಇಲಾಖೆಯದು. ಕಡತಗಳ ನಡುವೆ ವೃತ್ತಿಜೀವನ ಕಳೆದವನಿಗೆ ಇದರ ಪರಿಣಾಮ ಊಹಿಸುವುದು ಕಷ್ಟವಲ್ಲ. ಶವ ಕಂಡ ಕೂಲಿಕಾರನಿಗೆ ತಿಳಿಸಿದ್ದಕ್ಕೆ ಕಾಸಿಲ್ಲ, ವಿಚಾರಣೆಯ ಭಯ ಮಾತ್ರ ಉಂಟು.

ಲಸಿಕೆಯ ಕಥೆ ಇನ್ನೂ ವಿಚಿತ್ರ. ಕೋಳಿಭ್ರೂಣದ ಜೀವಕೋಶಗಳಲ್ಲಿ ವೈರಾಣು ಬೆಳೆಸಿ ಮನುಷ್ಯರಿಗೆ ಲಸಿಕೆ ತಯಾರಿಸುತ್ತಿದ್ದುದು ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆ. ಅದು ಸಾಕಷ್ಟು ಪರಿಣಾಮಕಾರಿಯಲ್ಲವೆಂಬ ಕಾರಣಕ್ಕೆ 2022ರಲ್ಲಿ ನಿಂತಿತು. ಆ ವೇಳೆಗೆ ಬದಲಿ ಲಸಿಕೆ ಸಿದ್ಧವಿರಲಿಲ್ಲ. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2018-19ರಲ್ಲಿ ಆದ ಸಾವುಗಳ ನಂತರವೂ ಈ ಸ್ಥಿತಿ. ರೋಗಿಗಳು ಬಡವರು, ಮಾರುಕಟ್ಟೆ ಚಿಕ್ಕದು. ಯಾವ ಖಾಸಗಿ ಕಂಪನಿ ತಾನಾಗಿ ಬಂಡವಾಳ ಹೂಡೀತು? ಇಂಥ ಕಡೆ ಸಂಶೋಧನೆಯ ವೆಚ್ಚ ಸರ್ಕಾರದ್ದೇ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು.

ಕೋಳಿ ಮತ್ತು ಕಾಡುಪ್ರಾಣಿಗಳ ರೋಗಗಳು ಬೇರೆಬೇರೆ ಎನ್ನುವವರು ನಾಗಪುರದ ಗೋರೆವಾಡವನ್ನು ನೆನೆಯಲಿ. ಅಲ್ಲಿನ ಪುನರ್ವಸತಿ ಕೇಂದ್ರದಲ್ಲಿ 2024ರ ಡಿಸೆಂಬರಿನಲ್ಲಿ ಮೂರು ಹುಲಿ, ಒಂದು ಚಿರತೆ ಸತ್ತದ್ದು ಹಕ್ಕಿಜ್ವರದಿಂದ. ಹಿಮಾಚಲದ ಪಾಂಗ್ ಜಲಾಶಯದಲ್ಲಿ 2020-21ರ ಚಳಿಗಾಲದಲ್ಲಿ ಇದೇ ರೋಗಕ್ಕೆ ಬಲಿಯಾದ ಪಟ್ಟೆತಲೆ ಹೆಬ್ಬಾತುಗಳ ಬಳಗ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಪ್ರತಿವರ್ಷ ಬರುತ್ತದೆ.

ಕೇಂದ್ರ ‘ಒನ್ ಹೆಲ್ತ್’ ಎಂಬ ಹೆಸರಿನಲ್ಲಿ ಎಲ್ಲವನ್ನೂ ಒಗ್ಗೂಡಿಸಲು ಹೊರಟಿರುವುದು ಒಳ್ಳೆಯದೇ. ಆದರೆ ದೆಹಲಿಯ ಸಮಿತಿ ಸೊರಬದ ಶವವನ್ನು ಎತ್ತುವುದಿಲ್ಲ. ರಾಜ್ಯ ಬಜೆಟ್ಟಿನಲ್ಲಿ ಇದಕ್ಕೆಂದೇ ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆದು, ಹಣವನ್ನು ಜಿಲ್ಲಾಧಿಕಾರಿಯ ಕೈಗೆ ಕೊಡಬೇಕು. ತಿಳಿಸಿದವನಿಗೆ ಅದೇ ವಾರ ಗೌರವಧನ ಸಲ್ಲಬೇಕು. ಪರೀಕ್ಷಾ ಫಲಿತಾಂಶ ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಬರಬೇಕು. ಮಲೆನಾಡಿನಲ್ಲಿ ಉಣುಗಿನ ಕಾಲ ನವೆಂಬರಿಗೆ ಶುರುವಾಗುತ್ತದೆ. ಆದೇಶ ಅದಕ್ಕೆ ಮುನ್ನ ಹೊರಡಲಿ.